ಬೆನ್ನಿನೊಳಗಿನ ಹಸಿರು

ಫೆಬ್ರವರಿ 3, ಸೋಮವಾರ

ಇವತ್ತು ಆಸ್ಪತ್ರೆಯಲ್ಲಿ ಮೂವತ್ತೊಂದು ಸಿ.ಟಿ. ಸ್ಕ್ಯಾನ್. ಹತ್ತು ತಲೆ, ಒಂಬತ್ತು ಹೊಟ್ಟೆ, ಏಳು ಎದೆ, ಮೂರು ಮೊಣಕಾಲು, ಎರಡು ಕಿಡ್ನಿ ಕಲ್ಲು. ಮುಖ ಒಂದೂ ನೆನಪಿಲ್ಲ. ಮಧ್ಯಾಹ್ನ ಡಬ್ಬಿ ತೆರೆಯುವ ಹೊತ್ತಿಗೆ ಅಪಘಾತದ ಕೇಸ್ ಬಂತು. ಡಬ್ಬಿ ಹಾಗೆಯೇ ಮನೆಗೆ ವಾಪಸ್ಸು ಬಂತು.

ಈ ಡೈರಿಯನ್ನು ಔಷಧಿ ಕಂಪನಿಯವನೊಬ್ಬ ಹೊಸ ವರ್ಷಕ್ಕೆ ಕೊಟ್ಟುಹೋಗಿದ್ದ. ಒಂದು ತಿಂಗಳು ಖಾಲಿ ಬಿದ್ದಿತ್ತು. ಬರೆಯುವ ಚಟ ನನಗಿಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ಗೊಣಗುವುದಕ್ಕೂ ಜಾಗವಿಲ್ಲ. ಇವರ ಹತ್ತಿರ ಹೇಳೋಣವೆಂದರೆ ಪಕ್ಕದ ಕೋಣೆಯಲ್ಲಿ ಇವರಕ್ಕ ಇದ್ದಾರೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಜೋಡಿಸಿಕೊಟ್ಟವರು. ನಾನು ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ.

ಅವರು ನಮ್ಮ ಮನೆಗೆ ಬಂದು ಎರಡು ವರ್ಷ ದಾಟಿತು. ಬಂದ ಮೂರನೇ ತಿಂಗಳಿಂದ ಬೆನ್ನು ನೋವು. ನಾನು ಕೆಲಸಕ್ಕೆ ಹೊರಟಾಗ ನೋವು ಶುರು, ಪಾತ್ರೆ ತೊಳೆದು ಮುಗಿಸಿದಾಗ ನೋವು ಕಮ್ಮಿ. ದಿನಾ ಬೆನ್ನು ಹಿಡಿದುಕೊಂಡವರನ್ನೇ ನೋಡುವ ನನಗೆ ಯಾವುದು ನೋವು, ಯಾವುದು ನಾಟಕ ಎಂದು ಗೊತ್ತಾಗುವುದಿಲ್ಲವೇ? ಇವತ್ತು ಮೂರು ಮಹಡಿ ಹತ್ತಿ ಬಾಗಿಲು ತೆಗೆದರೆ ಅಡುಗೆಮನೆ ತುಂಬ ಹಾಲು. "ಕೈ ಜಾರಿತು" ಎಂದರು, ಕುರ್ಚಿಯಲ್ಲಿ ಕೂತೇ. ಒರೆಸಿದ್ದು ನಾನು.

ಫೆಬ್ರವರಿ 6, ಗುರುವಾರ

ಇವರ ಜೊತೆ ಮೆಟ್ಟಿಲ ಮೇಲೆ ನಿಂತು ಮಾತಾಡಿದೆ.

"ನಿಮ್ಮಕ್ಕ ಒಂದು ಲೋಟನೂ ಎತ್ತಿಡಲ್ಲ ರೀ."

"ವಯಸ್ಸಾಯ್ತಲ್ಲ."

"ಅರವತ್ಮೂರು ಒಂದು ವಯಸ್ಸಾ? ನನಗೂ ನಲವತ್ತೆಂಟು. ದಿನಾ ಎಂಟು ಗಂಟೆ ನಿಂತಿರ್ತೀನಿ."

"ಹೂಂ."

ಇವರ ಕೆಲಸ ಲಿಫ್ಟ್ ರಿಪೇರಿ. ಯಾರು ಯಾವ ಲಿಫ್ಟಿನಲ್ಲಿ ಸಿಕ್ಕಿಕೊಂಡರೂ ಹೋಗಿ ಬಿಡಿಸುತ್ತಾರೆ. ಇಬ್ಬರು ಹೆಂಗಸರ ನಡುವೆ ತಾವೇ ಸಿಕ್ಕಿಕೊಂಡರೆ ಮಾತ್ರ "ಹೂಂ". ನಮ್ಮ ಕಟ್ಟಡಕ್ಕಂತೂ ಲಿಫ್ಟೇ ಇಲ್ಲ.

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ ಆರೂವರೆಗೆ ಬಚ್ಚಲಲ್ಲಿ ದೊಪ್ಪೆಂದು ಸದ್ದು. ಇವರಕ್ಕ ಬಿದ್ದಿದ್ದರು. ಪೆಟ್ಟೇನೂ ಆಗಿರಲಿಲ್ಲ, ಆದರೆ ಏಳಲು ಆಗಲಿಲ್ಲ. ಬಲಪಾದವನ್ನು ಮೇಲಕ್ಕೆ ಎತ್ತಿ ಎಂದರೆ ಅದು ಏಳುತ್ತಿರಲಿಲ್ಲ. ಬೇರೆ ಯಾರದೋ ಪಾದವೆಂಬಂತೆ ಅವರು ಅದನ್ನೇ ನೋಡುತ್ತ ಕೂತಿದ್ದರು. ಇವರೂ ಕೆಳಗಿನ ಮನೆಯ ಬಡಗಿಯೂ ಸೇರಿ ಕುರ್ಚಿ ಸಮೇತ ಮೂರು ಮಹಡಿ ಇಳಿಸಿದರು. ಅಷ್ಟು ಹೊತ್ತೂ ಇವರಕ್ಕ ಎರಡೂ ಕೈಯಲ್ಲಿ ಕುರ್ಚಿ ಹಿಡಿದಿದ್ದರು. ಕೊನೆಯ ಮೆಟ್ಟಿಲಲ್ಲಿ ಬಡಗಿಗೆ, "ನಿಮ್ಮ ಸೊಂಟ ಹುಷಾರು, ಒಂದು ಕಟ್ಟಡಕ್ಕೆ ಕೆಟ್ಟ ಸೊಂಟ ಒಂದೇ ಸಾಕು" ಎಂದರು.

ನಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದೆವು. ಬೆನ್ನುಮೂಳೆಯ ಸರ್ಜನ್ ನೋಡಿದರು.

"ಎಷ್ಟು ದಿನದಿಂದ ನೋವು?"

"ಎರಡು ವರ್ಷದಿಂದ ಹೇಳ್ತಾನೇ ಇದಾರೆ ಸರ್" ಎಂದೆ. ನನ್ನ ದನಿಯಲ್ಲಿ ಎಷ್ಟು ಬೇಸರವಿತ್ತೆಂದು ಹೇಳಿಯಾದ ಮೇಲೆ ತಿಳಿಯಿತು.

ಸರ್ಜನ್ ಬರೆಯುವುದನ್ನು ನಿಲ್ಲಿಸಿ ನನ್ನ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿದರು. "ನೀವು ಇಲ್ಲೇ, ಸಿ.ಟಿ.ಯಲ್ಲಿ ಕೆಲಸ ಮಾಡೋದಲ್ವಾ?"

ಮುಂದೇನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಫೆಬ್ರವರಿ 13, ಗುರುವಾರ

ಎಂ.ಆರ್.ಐ. ಬಂತು. ಸೊಂಟದ ಕೆಳಭಾಗದಲ್ಲಿ, ಬೆನ್ನುಮೂಳೆಯ ಸಣ್ಣ ಕೀಲಿನ ಪಕ್ಕ, ಒಂದು ಗಂಟು. ಆಟದ ಗೋಲಿಗಿಂತ ಸ್ವಲ್ಪ ದೊಡ್ಡದು. ಪಾದಕ್ಕೆ ಹೋಗುವ ನರವನ್ನು ಒತ್ತಿ ಹಿಡಿದಿದೆ. ಸರ್ಜನ್ ನಮ್ಮಿಬ್ಬರನ್ನು ಕಾರಿಡಾರಿಗೆ ಕರೆದು ಹೇಳಿದರು: ಕ್ಯಾನ್ಸರ್ ಇರಬಹುದು, ಬೇರೆಲ್ಲಿಂದಲೋ ಬಂದು ಕೂತದ್ದಿರಬಹುದು, ಇಲ್ಲವೇ ಸೋಂಕು. ಸೂಜಿ ಹಾಕಿ ಸ್ವಲ್ಪ ಮಾಂಸ ತೆಗೆದು ನೋಡಬೇಕು.

ಇವರು ಹೋಗಿ ಲಿಫ್ಟಿನ ಮುಂದೆ ನಿಂತರು. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಇವರು ಅಲ್ಲೇ ನಿಂತಿದ್ದರು. ಇವರನ್ನು ಬೆಳೆಸಿದ್ದು ಆ ಅಕ್ಕನೇ. ತಾಯಿ ಹೋದಾಗ ಇವರಿಗೆ ಒಂಬತ್ತು ವರ್ಷ, ಅವರಿಗೆ ಹತ್ತೊಂಬತ್ತು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ಬೇಸತ್ತ ಕಥೆ.

ಒಳಗೆ ಹೋದೆವು. "ಏನಂತೆ?" ಎಂದರು ಇವರಕ್ಕ.

"ಏನಿಲ್ಲ ಅಕ್ಕ, ಒಂದು ಗಂಟು ಅಷ್ಟೇ" ಎಂದರು ಇವರು.

"ಗಂಟು ಇದ್ರೆ ಇದೆ ಅನ್ನು, ಇಲ್ಲದಿದ್ರೆ ಏನಿಲ್ಲ ಅನ್ನು. ಎರಡೂ ಒಟ್ಟಿಗೆ ಹೇಗೋ ಇರುತ್ತೆ?"

ಇವರು ಮತ್ತೆ "ಹೂಂ" ಎಂದರು.

ಫೆಬ್ರವರಿ 20, ಗುರುವಾರ

ಇವರಕ್ಕನಿಗೆ ನನ್ನ ಸಿ.ಟಿ. ಮೇಜಿನ ಮೇಲೆಯೇ ಸೂಜಿ ಹಾಕಿದ್ದು. ಸೂಜಿ ಎಲ್ಲಿಗೆ ಹೋಗುತ್ತಿದೆ ಎಂದು ಸಿ.ಟಿ.ಯಲ್ಲಿ ನೋಡಿಕೊಂಡೇ ಹಾಕಬೇಕು. ಬೇರೆ ಪಾಳಿಯ ನಿದ್ದೆಪ್ಪ, "ನಿಮ್ಮ ಮನೆಯವರಲ್ವಾ, ನಾನು ಮಾಡ್ತೀನಿ ಬಿಡಿ" ಎಂದ. ಅವನು ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಗೊರಕೆ ಹೊಡೆಯುವುದರಿಂದ ಆ ಹೆಸರು. ಬೇಡವೆಂದೆ. ಯಾಕೆ ಬೇಡವೆಂದೆನೋ ಗೊತ್ತಿಲ್ಲ.

ಅತ್ತಿಗೆಯನ್ನು ಬೋರಲು ಮಲಗಿಸಿದೆ. ಅವರು ಕತ್ತು ಹೊರಳಿಸಿ ಕೋಣೆಯನ್ನೆಲ್ಲ ನೋಡಿದರು.

"ಇದೇನಾ ನಿನ್ನ ಆಫೀಸು? ಒಂದು ಕಿಟಕಿ ಕೂಡ ಇಲ್ಲವಲ್ಲೇ."

"ಅಲ್ಲಾಡಬೇಡಿ ಅತ್ತಿಗೆ."

ಯಂತ್ರದೊಳಗಿನ ಹೆಣ್ಣುದನಿ ಎಂದಿನಂತೆ, ಉಸಿರು ಎಳೆದುಕೊಳ್ಳಿ, ಬಿಗಿಹಿಡಿಯಿರಿ, ಎಂದಿತು. ಅತ್ತಿಗೆ ಉಸಿರು ಬಿಟ್ಟ ಮೇಲೆ, "ಯಾರೇ ಇವಳು? ಇಷ್ಟು ಗಡಸಾಗಿ ಹೇಳಿದ್ರೆ ಬರೋ ಉಸಿರೂ ನಿಂತುಹೋಗುತ್ತೆ. ನಮ್ಮ ಎಕ್ಸ್‌ಚೇಂಜಲ್ಲಾಗಿದ್ರೆ ಮೊದಲ ದಿನವೇ ಮನೆಗೆ ಕಳಿಸ್ತಿದ್ದೆ" ಎಂದರು. ಸೂಜಿ ಹಿಡಿದಿದ್ದ ಡಾಕ್ಟರು ನಕ್ಕರು. ಹದಿನಾಲ್ಕು ವರ್ಷದಿಂದ ಆ ದನಿ ಕೇಳುತ್ತಿದ್ದೇನೆ. ಗಡಸೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಸೂಜಿ ಒಳಗಿಳಿಯುವಾಗ ಅವರು ಮೇಜಿನ ಅಂಚನ್ನು ಹಿಡಿದುಕೊಂಡರು. ಬೆರಳುಗಳು ಬಿಳಿಚಿಕೊಂಡವು.

ಫೆಬ್ರವರಿ 26, ಬುಧವಾರ

ಸೂಜಿ ಹಾಕಿ ತೆಗೆದ ಮಾಂಸದ ಬಯಾಪ್ಸಿ ವರದಿ ಬಂತು. ಕ್ಯಾನ್ಸರ್ ಕೋಶ ಇಲ್ಲ. ರೋಗಾಣು ಇಲ್ಲ. ಉರಿಯೂತ ಮಾತ್ರ ಎಂದು ಬರೆದಿದೆ. ನಾನು ಖುಷಿಪಟ್ಟು ಸರ್ಜನ್ ಹತ್ತಿರ ಓಡಿದೆ. ಅವರಿಗೆ ಖುಷಿಯಾಗಲಿಲ್ಲ. "ಸೂಜಿ ಸರಿಯಾದ ಜಾಗಕ್ಕೆ ತಾಗಿಲ್ಲ ಅನ್ಸುತ್ತೆ. ಬಿಚ್ಚಿ ನೋಡೋಣ. ಮಾರ್ಚ್ ಏಳಕ್ಕೆ ಇಟ್ಕೊಂಡಿದೀನಿ."

ನರದ ಮೇಲೆಯೇ ಕೂತ ಗಂಟು. ತೆಗೆಯುವಾಗ ಹೆಚ್ಚುಕಮ್ಮಿಯಾದರೆ ಪಾದವಷ್ಟೇ ಅಲ್ಲ, ಮೂತ್ರದ ಹಿಡಿತವೂ ಹೋಗಬಹುದು ಎಂದರು. ಕಿಡ್ನಿ ಅಷ್ಟೇನೂ ಚೆನ್ನಾಗಿಲ್ಲದ್ದರಿಂದ ಅರಿವಳಿಕೆಯೂ ಸುಲಭವಲ್ಲ. ಸದ್ಯ ಮನೆಗೆ ಕರೆದುಕೊಂಡು ಹೋಗಿ, ಆರನೇ ತಾರೀಖು ಸೇರಿಸಿ ಎಂದರು.

ಮತ್ತೆ ಕುರ್ಚಿ, ಮತ್ತೆ ಬಡಗಿ, ಮತ್ತೆ ಮೂರು ಮಹಡಿ. ತುಂಬ ಸುಸ್ತು. ಇಷ್ಟು ಸಾಕು.

ಮಾರ್ಚ್ 1, ಶನಿವಾರ

ಅತ್ತಿಗೆಗೆ ಸ್ನಾನ ಮಾಡಿಸಿದೆ. ಮೊದಲ ದಿನ ಇಬ್ಬರಿಗೂ ನಾಚಿಕೆಯಾಗಿತ್ತು. ಈಗ ಅವರು, "ಬೆನ್ನು ತೊಳಿ, ಗಂಟು ಮಾತ್ರ ಉಳಿಸು, ಸರ್ಜನ್‌ಗೆ ಬೇಕಂತೆ" ಎನ್ನುತ್ತಾರೆ.

ಬಲಗಾಲು ತೊಳೆಯುವಾಗ ಹಿಮ್ಮಡಿಯ ಮೇಲಿನ ದಪ್ಪ ನರದಂಥ ಹುರಿಯಲ್ಲಿ ನನ್ನ ಬೆರಳಿಗೆ ಏನೋ ತಾಗಿತು. ಗಟ್ಟಿ, ಕಡಲೆಕಾಳಿನಷ್ಟು. ಒತ್ತಿದರೆ ನೋವಿಲ್ಲ.

"ಇದೇನು ಅತ್ತಿಗೆ?"

"ಅದಾ? ಹಳೇದು. ಚಪ್ಪಲಿ ಕಚ್ಚಿದ್ದು."

"ಎಷ್ಟು ಹಳೇದು?"

"ನಾಲ್ಕೈದು ವರ್ಷ ಆಯ್ತೇನೋ. ಮೊಣಕೈಲೂ ಒಂದಿದೆ. ಅಲ್ಲಿಗೆ ಯಾವ ಚಪ್ಪಲಿ ಕಚ್ಚಿತೋ ಗೊತ್ತಿಲ್ಲ."

ಮೊಣಕೈ ನೋಡಿದೆ. ಚರ್ಮದ ಕೆಳಗೆ ಬೆಳ್ಳಗೆ ಸುಣ್ಣದ ಚೂರಿನ ಹಾಗಿತ್ತು.

ಮೂರು ವರ್ಷದ ಕೆಳಗೆ ಹೋಟೆಲ್ ಅಡುಗೆಯವರೊಬ್ಬರ ಪಾದ ಸ್ಕ್ಯಾನ್ ಮಾಡಿದ್ದೆ. ಅವರ ಹಿಮ್ಮಡಿಯೂ ಹೀಗೇ ಇತ್ತು. ಅವರದು ಗೌಟ್. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಕೀಲುಗಳಲ್ಲಿ ಹರಳು ಕಟ್ಟುವ ಕಾಯಿಲೆ. ನಮ್ಮ ಯಂತ್ರದಲ್ಲಿ ಅದಕ್ಕೊಂದು ಬೇರೆ ಬಗೆಯ ಸ್ಕ್ಯಾನ್ ಇದೆ. ಒಂದೇ ಜಾಗವನ್ನು ಎರಡು ಕ್ಷ-ಕಿರಣಗಳಿಂದ ನೋಡುತ್ತದೆ, ಒಂದು ಮೆದು, ಇನ್ನೊಂದು ಬಿರುಸು. ಮೂಳೆಯ ಸುಣ್ಣ ಎರಡಕ್ಕೂ ಬೇರೆ ಬೇರೆ ಉತ್ತರ ಕೊಡುತ್ತದೆ, ಯೂರಿಕ್ ಆಸಿಡ್ ಹರಳು ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತದೆ. ಕಂಪ್ಯೂಟರು ಸುಣ್ಣಕ್ಕೆ ನೇರಳೆ ಬಣ್ಣ ಬಳಿಯುತ್ತದೆ, ಹರಳಿಗೆ ಹಸಿರು. ನಾವು ಅದನ್ನು ಪಾದಕ್ಕೆ, ಮೊಣಕಾಲಿಗೆ, ಕಿಡ್ನಿ ಕಲ್ಲಿಗೆ ಬಳಸುತ್ತೇವೆ. ಬೆನ್ನಿಗೆ ಬಳಸಿದ್ದಿಲ್ಲ.

ಬೆನ್ನಿನ ಆ ಸಣ್ಣ ಕೀಲೂ ಕೀಲೇ ಅಲ್ಲವೇ?

ಸೋಪು ಕಣ್ಣಿಗೆ ಹೋಯಿತೆಂದು ಅತ್ತಿಗೆ ಬೈದ ಮೇಲೆ ನೀರು ಹಾಕಿದೆ.

ಮಾರ್ಚ್ 3, ಸೋಮವಾರ

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ನಾನು ಒಂದು ನಿಯಮ ಎಂದೂ ಮುರಿದವಳಲ್ಲ. ಚಿತ್ರ ತೆಗೆಯುವುದು ನಮ್ಮ ಕೆಲಸ, ಅದು ಏನೆಂದು ಹೇಳುವುದು ಡಾಕ್ಟರ ಕೆಲಸ. ಇವತ್ತು ಮಧ್ಯಾಹ್ನ ವರದಿ ಬರೆಯುವ ಡಾಕ್ಟರಮ್ಮನ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರೂ ದಣಿದಿದ್ದರು. ಎರಡು ಪರದೆಗಳ ನಡುವೆ ಚಹಾ ಆರಿಹೋಗಿ ಕೆನೆ ಕಟ್ಟಿತ್ತು.

"ಮೇಡಂ, ನಮ್ಮತ್ತಿಗೆಯ ಬೆನ್ನಲ್ಲಿರೋದು ಗೌಟ್ ಇರಬಹುದಾ?"

"ಬೆನ್ನಿಗಾ?" ಎಂದರು, ಪರದೆಯಿಂದ ಕಣ್ಣು ಕೀಳದೆ. "ಅದು ಮೊದಲು ಬರೋದು ಕಾಲಿನ ಹೆಬ್ಬೆರಳಿಗೆ. ಊದಿತ್ತಾ?"

"ಇಲ್ಲ. ಹಿಮ್ಮಡಿಲಿ, ಮೊಣಕೈಲಿ ಗಂಟಿದೆ. ಹನ್ನೊಂದು ವರ್ಷದಿಂದ ಬಿ.ಪಿ.ಗೆ ಅಂತ ಮೂತ್ರ ಹೆಚ್ಚು ಮಾಡೋ ಮಾತ್ರೆ ತಗೋತಾರೆ. ಕಿಡ್ನಿನೂ ಸ್ವಲ್ಪ ವೀಕು. ಎರಡರಿಂದಲೂ ಯೂರಿಕ್ ಆಸಿಡ್ ಏರುತ್ತಲ್ವಾ?"

"ಯೂರಿಕ್ ಆಸಿಡ್ ಎಷ್ಟಿತ್ತು?"

"ಸರಿಯಾಗೇ ಇತ್ತು. ಆದರೆ ಅದು ಬಿದ್ದ ದಿನ ತೆಗೆದ ರಕ್ತ ಮೇಡಂ. ನೋವು ಜೋರಾಗಿದ್ದಾಗ ಅದು ರಕ್ತದಲ್ಲಿ ಕಮ್ಮಿ ತೋರಿಸಬಹುದು ಅಂತ ನೀವೇ ಒಂದ್ಸಲ ಪಾಠ ಮಾಡಿದ್ರಿ."

ಈಗ ತಿರುಗಿ ನೋಡಿದರು. ಆಮೇಲೆ ಬಯಾಪ್ಸಿಯ ದಿನದ ಚಿತ್ರ ತೆಗೆದು ತುಂಬ ಹೊತ್ತು ಮೇಲೆ ಕೆಳಗೆ ಓಡಿಸಿದರು. "ಗಂಟಿನ ಒಳಗೆ ಸ್ವಲ್ಪ ಬೆಳ್ಳಗಿದೆ. ಕೀಲಿನ ಅಂಚನ್ನ ಯಾರೋ ಚಮಚದಲ್ಲಿ ಕೆರೆದ ಹಾಗಿದೆ. ಇದನ್ನ ನಾನೇ ನೋಡದೆ ಬಿಟ್ಟಿದೀನಿ." ಕನ್ನಡಕ ತೆಗೆದು ಕಣ್ಣು ಉಜ್ಜಿದರು. "ಆ ದಿನ ಅರವತ್ತೆರಡು ಕೇಸ್ ಓದಿದ್ದೆ" ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ.

ಸರ್ಜನ್ ಮುಂದೆ ಮಾತ್ರ ಅಷ್ಟು ಸುಲಭವಾಗಲಿಲ್ಲ. "ಗೌಟಾ? ಅದೂ ಹೆಂಗಸಿಗೆ, ಬೆನ್ನಲ್ಲಿ? ನೋಡಮ್ಮಾ, ನೀನು ಮಷಿನ್ ನೋಡ್ಕೋ, ಬೆನ್ನನ್ನ ನಾನು ನೋಡ್ಕೋತೀನಿ" ಎಂದರು. ಇಬ್ಬರು ನರ್ಸ್‌ಗಳು ಕೇಳಿಸಿಕೊಂಡರು. ನನ್ನ ಕಿವಿ ಕಾದ ಬಾಣಲೆಯಂತಾಯಿತು. ಹಿಂದೆಯೇ ಬಂದ ಡಾಕ್ಟರಮ್ಮ, "ಸ್ಕ್ಯಾನ್ ನಾನು ಬರೆದುಕೊಡ್ತೀನಿ. ಹತ್ತು ನಿಮಿಷದ ಕೆಲಸ. ಏಳಕ್ಕೆ ಇನ್ನೂ ನಾಲ್ಕು ದಿನ ಇದೆಯಲ್ಲ" ಎಂದರು.

ಸರ್ಜನ್ ಭುಜ ಕುಣಿಸಿ ಹೋದರು.

ಮಾರ್ಚ್ 4, ಮಂಗಳವಾರ

ಬೆನ್ನು, ಎರಡು ಪಾದ, ಮೊಣಕೈ, ಎದೆ. ಎಲ್ಲ ಮಾಡಿದೆ. ಗಾಜಿನ ಈಚೆ ಕೂತು ಚಿತ್ರ ಮೂಡುವುದನ್ನು ಕಾದೆ. ಬೆನ್ನುಮೂಳೆ ನೇರಳೆಯಾಗಿ ಬಂತು. ಅದರ ನಡುವೆ, ನರ ಹೊರಬರುವ ಕಿಂಡಿಯ ಹತ್ತಿರ, ಹಸಿರು. ಒಂದು ಚುಕ್ಕೆಯಲ್ಲ, ಹಿಡಿ ಮಣ್ಣು ಎರಚಿದ ಹಾಗೆ. ಮೇಲಿನ ಕೀಲಿನಲ್ಲೂ ಸ್ವಲ್ಪ. ಹಿಮ್ಮಡಿಯ ಹುರಿಯಲ್ಲಿ ಉದ್ದಕ್ಕೆ. ಮೊಣಕೈಯಲ್ಲಿ. ಕಾಲ್ಬೆರಳಿನ ಕೀಲುಗಳಲ್ಲಿ ಅಷ್ಟಾಗಿ ಏನೂ ಇಲ್ಲ. ಎಲ್ಲರೂ ಹುಡುಕುವ ಜಾಗ ಬಿಟ್ಟು ಉಳಿದೆಡೆಯೆಲ್ಲ ಕೂತಿದೆ.

ಡಾಕ್ಟರಮ್ಮ ನನ್ನ ಹಿಂದೆ ನಿಂತು ನೋಡಿದರು. "ಕಾಲುಗುರಿನ ಹಸಿರನ್ನ ಲೆಕ್ಕಕ್ಕೆ ತಗೋಬೇಡಿ, ಉಗುರು ಯಾವಾಗಲೂ ಸುಳ್ಳು ಹೇಳುತ್ತೆ. ಪಕ್ಕೆಲುಬಿನ ತುದಿಯದನ್ನೂ ನಾನು ನಂಬಲ್ಲ. ಆದರೆ ಇದು..." ಬೆನ್ನಿನ ಹಸಿರಿನ ಮೇಲೆ ಪೆನ್ನು ಇಟ್ಟರು. "ಇದನ್ನ ಇನ್ನೊಂದು ಸಲ ಸೂಜಿಯಿಂದ ಕೇಳೋಣ. ಹೋದ ಸಲದ ತುಣುಕನ್ನ ಕೆಡದಿರಲಿ ಅಂತ ಫಾರ್ಮಲಿನ್‌ನಲ್ಲಿ ಹಾಕಿದ್ರು, ಅದರಲ್ಲಿ ಈ ಹರಳು ಕರಗಿಹೋಗುತ್ತೆ. ಈ ಸಲ ಆಲ್ಕೋಹಾಲ್‌ನಲ್ಲಿ ಹಾಕಿಸ್ತೀನಿ."

ಒಳಗೆ ಹೋಗಿ ಅತ್ತಿಗೆಯನ್ನು ಮೇಜಿಗೆ ಬಿಗಿದಿದ್ದ ಪಟ್ಟಿ ಬಿಚ್ಚಿದೆ.

"ಏನು ಕಂಡಿತು?"

"ಡಾಕ್ಟರ್ ಹೇಳ್ತಾರೆ ಅತ್ತಿಗೆ."

ದಿನಕ್ಕೆ ಮೂವತ್ತು ಸಲ ಹೇಳುವ ಮಾತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಲೈನಲ್ಲೇ ಇರಿ, ಕನೆಕ್ಟ್ ಮಾಡ್ತಿದೀವಿ ಅಂತ ನಾವೂ ಹೇಳ್ತಿದ್ವಿ ಕಣೇ. ಆ ಕಡೆ ಯಾರೂ ಎತ್ತಲ್ಲ ಅಂತ ಗೊತ್ತಿದ್ದಾಗಲೂ ಹೇಳ್ತಿದ್ವಿ."

ನಾನು ಗಾಲಿಕುರ್ಚಿ ತರಲು ಹೋದೆ. ಬಾಗಿಲವರೆಗೆ ಹೋದವಳು ತಿರುಗಿ ಬಂದೆ. "ಕ್ಯಾನ್ಸರ್ ಅಲ್ಲ ಅಂತ ಅನ್ನಿಸುತ್ತೆ ಅತ್ತಿಗೆ. ಖಚಿತ ಅಲ್ಲ. ನನಗೆ ಹೇಳೋ ಅಧಿಕಾರವೂ ಇಲ್ಲ."

ಕುರ್ಚಿಗೆ ಇಳಿಯುವಾಗ ಅವರು ನನ್ನ ತೋಳು ಹಿಡಿದ ಜಾಗ ಈಗಲೂ ನೋಯುತ್ತಿದೆ.

ಮಾರ್ಚ್ 6, ಗುರುವಾರ

ನಿನ್ನೆ ಮತ್ತೆ ಸೂಜಿ ಹಾಕಿದ್ದರು. ಹರಳು ಸಿಕ್ಕಿತು. ಪ್ರಯೋಗಾಲಯದವರು ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ಕಪ್ಪು ನೆಲದ ಮೇಲೆ ಹೊಳೆಯುವ ಸೂಜಿಗಳು, ದರ್ಜಿಯ ಡಬ್ಬಿ ಚೆಲ್ಲಿದ ಹಾಗೆ. ಇವನ್ನೆಲ್ಲ ಬೆನ್ನಿನಲ್ಲಿಟ್ಟುಕೊಂಡು ಈ ಹೆಂಗಸು ಎರಡು ವರ್ಷ ನಮ್ಮ ಮನೆಯ ಬಟ್ಟೆ ಮಡಚಿಟ್ಟಿದ್ದಾರೆ. ಒಂದು ಲೋಟ ಎತ್ತಿಡುವುದಿಲ್ಲ ಎಂದು ಬರೆದಿದ್ದೆ. ಬಟ್ಟೆ ಮಡಚುತ್ತಿದ್ದದ್ದು ಅವರೇ. ಅದನ್ನು ಬರೆದಿರಲಿಲ್ಲ.

ನಾಳೆಯ ಆಪರೇಷನ್ ಇಲ್ಲ. ಸರ್ಜನ್ ವಾರ್ಡಿಗೆ ಬಂದು, "ಔಷಧಿಯಲ್ಲಿ ನೋಡೋಣ. ಕಾಲು ಇನ್ನೂ ಕೆಡೋ ಹಾಗಿದ್ರೆ ಮಾತ್ರ ಬಿಚ್ಚೋಣ" ಎಂದರು. ಹೊರಡುವಾಗ ನನ್ನ ಕಡೆ ನೋಡದೆ, "ಒಳ್ಳೇದಾಯ್ತು ನೋಡಿದ್ದು" ಎಂದರು. ಮೊನ್ನೆ ನನ್ನನ್ನು ನೀನು ಎಂದವರು ಇವತ್ತು ನೀನೂ ಅನ್ನಲಿಲ್ಲ, ನೀವೂ ಅನ್ನಲಿಲ್ಲ.

ಕಾಯಿಲೆ ಏನೆಂದು ಅತ್ತಿಗೆಗೆ ಡಾಕ್ಟರಮ್ಮ ವಿವರಿಸಿದರು. ಎಲ್ಲ ಕೇಳಿ, "ಮೈತುಂಬ ಹರಳು ಅಂತೀರಿ, ಒಂದು ಮೂಗುಬೊಟ್ಟಿಗೂ ಬರಲ್ಲ ಅಂತೀರಿ" ಎಂದರು. ಇವರು ಜೋರಾಗಿ ನಕ್ಕರು. ನಗುತ್ತಲೇ ಹೊರಗೆ ಹೋದವರು ಕಾಲು ಗಂಟೆಯಾದರೂ ಬರಲಿಲ್ಲ. ಹೋಗಿ ನೋಡಿದರೆ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಹಣೆಯಿಟ್ಟು ನಿಂತಿದ್ದರು.

ಮಾರ್ಚ್ 16, ಭಾನುವಾರ

ಮನೆಗೆ ಬಂದು ನಾಲ್ಕು ದಿನ. ನಾನು ತರಕಾರಿ ಹೆಚ್ಚುತ್ತಿದ್ದೆ, ಅತ್ತಿಗೆ ಮೇಜಿನ ಈಚೆ ಕೂತು ಬಟಾಣಿ ಬಿಡಿಸುತ್ತಿದ್ದರು.

"ನಾಟಕ ಮಾಡ್ತಿದೀನಿ ಅಂತ ತಾನೇ ಅಂದುಕೊಂಡಿದ್ದೆ ನೀನು?"

ಚಾಕು ನಿಂತಿತು.

"ಮೂವತ್ತು ವರ್ಷ ದನಿ ಮಾತ್ರ ಕೇಳಿ ಬದುಕಿದವಳು ನಾನು. ಯಾರು ಅತ್ತು ಫೋನ್ ಮಾಡ್ತಿದಾರೆ, ಯಾರು ಸುಳ್ಳು ಹೇಳ್ತಿದಾರೆ, 'ಹಲೋ' ಅಂದ್ರೆ ಸಾಕು, ಗೊತ್ತಾಗೋದು. ನೀನು 'ಚಹಾ ಬೇಕಾ ಅತ್ತಿಗೆ' ಅಂದಾಗಲೇ ಗೊತ್ತಾಗ್ತಿತ್ತು."

ಅವರು ಇನ್ನೊಂದು ಬಟಾಣಿ ಕೋಡು ಬಿಡಿಸಿದರು.

"ನಾನೂ ಏನು ಕಮ್ಮಿ? ಇವಳದೇನು ಮಹಾ ಕೆಲಸ, ಗುಂಡಿ ಒತ್ತಿ ಗಾಜಿನ ಹಿಂದೆ ಕೂರೋದು ಅಂದುಕೊಂಡಿದ್ದೆ."

"ಗುಂಡಿ ಒತ್ತೋದೇ ಅತ್ತಿಗೆ."

"ಹೌದು, ಹೌದು. ನಾನೂ ವೈರು ಚುಚ್ಚೋದೇ ಮಾಡಿದ್ದು."

ಬಟಾಣಿ ಮುಗಿದಿತ್ತು. ಖಾಲಿ ಸಿಪ್ಪೆಗಳನ್ನು ಮತ್ತೊಮ್ಮೆ ಬಿಡಿಸಿ ನೋಡುತ್ತಿದ್ದರು. ನಾನು ಈರುಳ್ಳಿ ಹೆಚ್ಚಿದೆ. ಈರುಳ್ಳಿ ಅಡುಗೆಗೆ ಬೇಕಿರಲಿಲ್ಲ.

ಏಪ್ರಿಲ್ 9, ಬುಧವಾರ

ಬಹಳ ದಿನ ಬರೆಯಲಾಗಲಿಲ್ಲ. ಹರಳು ಕರಗಿಸುವ ಮಾತ್ರೆ ಶುರುವಾದ ಮೇಲೆ ಮೊದಮೊದಲು ನೋವು ಕೆರಳುತ್ತದಂತೆ. ಕೆರಳಿತು. ಇಷ್ಟು ವರ್ಷ ಸುಮ್ಮನಿದ್ದ ಹೆಬ್ಬೆರಳೂ ಕೆಂಪಾಗಿ ಊದಿತು. ಹೊದಿಕೆಯ ಅಂಚು ತಾಗಿದರೂ ಕಿರುಚುವಷ್ಟು. ಅವರು ಕಿರುಚುವುದಿಲ್ಲ, "ಅಲ್ಲೇ ಇಡೇ, ಎತ್ತಬೇಡ, ಇಳಿಸಬೇಡ" ಎನ್ನುತ್ತಾರೆ. ಇವರು ಹಳೆಯ ಲಿಫ್ಟಿನ ಕಂಬಿ ಬಗ್ಗಿಸಿ ಹೊದಿಕೆ ಕಾಲಿಗೆ ತಾಗದ ಹಾಗೆ ಒಂದು ಕಮಾನು ಮಾಡಿದ್ದಾರೆ. ಈ ಮನುಷ್ಯ "ಹೂಂ" ಎಂದುಕೊಂಡೇ ಏನೇನು ಮಾಡುತ್ತಾರೆ!

ಆರು ದಿನ ರಜೆ ಹಾಕಿದ್ದೆ. ಇವತ್ತು ಕೆಲಸಕ್ಕೆ ಹೋದೆ. ಇಪ್ಪತ್ತೊಂಬತ್ತು ಸ್ಕ್ಯಾನ್. ಬಸ್ ಓಡಿಸುವ ಒಬ್ಬ ಹೆಂಗಸು ತಲೆನೋವೆಂದು ಬಂದಿದ್ದಳು, ಮೇಜು ಒಳಗೆ ಸರಿಯುವಾಗ ಬ್ರೇಕ್ ತುಳಿದ ಹಾಗೆ ಕಾಲು ಒತ್ತಿದಳು. ಕನ್ನಡಕ ಮಾರುವವರೊಬ್ಬರು ತಮ್ಮ ಕನ್ನಡಕ ಬಿಚ್ಚಲು ಒಪ್ಪಲೇ ಇಲ್ಲ. ಒಬ್ಬ ಅಜ್ಜಿ ಬಿಗಿಹಿಡಿದ ಉಸಿರನ್ನು ಮೂರು ಸಲ ಅರ್ಧಕ್ಕೇ ಬಿಟ್ಟುಬಿಟ್ಟರು, ನಾನೇ ಒಳಗೆ ಹೋಗಿ ಕೈ ಹಿಡಿದು ಎಣಿಸಿದೆ. ಇದರಿಂದ ಸರದಿ ತಡವಾಯಿತೆಂದು ನಿದ್ದೆಪ್ಪ ಗೊಣಗಿದ. ಕಾಲು ನೋವು. ಮಲಗುತ್ತೇನೆ.

ಜೂನ್ 12, ಗುರುವಾರ

ಮೂರು ತಿಂಗಳ ಸ್ಕ್ಯಾನ್ ಇವತ್ತು. ಬೆನ್ನಿನ ಹಸಿರು ಅರ್ಧಕ್ಕಿಂತ ಕಮ್ಮಿಯಾಗಿದೆ. ಗಂಟು ನರದಿಂದ ಸರಿದಿದೆ. ಡಾಕ್ಟರಮ್ಮ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು, ಇನ್ನಿಬ್ಬರು ಡಾಕ್ಟರುಗಳನ್ನು ಕರೆದು ತೋರಿಸಿದರು. ಆಪರೇಷನ್ ಮಾತೇ ಇನ್ನಿಲ್ಲ. ಬೆನ್ನು ನೋವೂ ಹೆಚ್ಚುಕಮ್ಮಿ ಹೋಗಿದೆ.

ಆಮೇಲೆ ನರದ ಡಾಕ್ಟರು ಕಾಲಿಗೆ ಸಣ್ಣ ಸಣ್ಣ ಕರೆಂಟು ಕೊಟ್ಟು ಪರೀಕ್ಷೆ ಮಾಡಿದರು. ನನ್ನೊಬ್ಬಳನ್ನೇ ಒಳಗೆ ಕರೆದು, "ಪಾದ ಇನ್ನು ಇಷ್ಟೇ. ನರ ತುಂಬ ಕಾಲ ಒತ್ತಿಕೊಂಡಿತ್ತು" ಎಂದರು.

ಹೊರಗೆ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದರು. ಬಲಗಾಲಿನ ಬೂಟಿನೊಳಗೆ ಪಾದ ಜೋತುಬೀಳದಂತೆ ಹಾಕುವ ಪ್ಲಾಸ್ಟಿಕ್ ಆಸರೆ. ನಾನು ಪಕ್ಕದಲ್ಲಿ ಕೂತೆ.

"ಡಾಕ್ಟರ್ ಹೇಳ್ತಾರೆ ಅನ್ಬೇಡ" ಎಂದರು. "ನೀನೇ ಹೇಳು."

ಹೇಳಿದೆ. ಬೆನ್ನು ಚೆನ್ನಾಗಿದೆ, ಪಾದ ಸರಿಹೋಗುವುದಿಲ್ಲ.

ನೆಲ ಒರೆಸುವವಳು ನಮ್ಮ ಕಾಲ ಬಳಿ ಬಂದಳು. ಅತ್ತಿಗೆ ಎರಡೂ ಕೈಯಲ್ಲಿ ಬಲಗಾಲನ್ನು ಎತ್ತಿ ಹಿಡಿದರು, ಅವಳು ಒರೆಸಿದಳು, ಮತ್ತೆ ಇಳಿಸಿದರು.

"ಎರಡು ವರ್ಷ ಮುಂಚೆ ಬಂದಿದ್ರೆ?"

ಸುಳ್ಳು ಹೇಳಬಹುದಿತ್ತು. ಕೇಳುತ್ತಿರುವುದು ಯಾರೆಂದು ನೆನಪಿತ್ತು.

"ಬಂದಿದ್ರೆ ಸರಿಯಾಗ್ತಿತ್ತು ಅತ್ತಿಗೆ. ನಾನು ಕರ್ಕೊಂಡು ಬರಬೇಕಿತ್ತು. ದಿನಾ ಇಲ್ಲಿಗೇ ಬರ್ತಿದ್ದೆ."

ಅವರು, "ಪಾದ ಜೋಮು ಹಿಡಿಯೋದನ್ನ ನಾನೂ ಬಾಯಿಬಿಟ್ಟು ಹೇಳಲಿಲ್ಲ" ಎಂದರು. "ಹೇಳಿದ್ರೆ ಕೆಲಸ ತಪ್ಪಿಸಿಕೊಳ್ಳೋಕೆ ಹೊಸದೊಂದು ನೆಪ ಹುಡುಕಿದಾಳೆ ಅಂತೀಯ ಅಂತ." ಬೂಟು ಸರಿಮಾಡಿಕೊಂಡು, "ಆದರೂ ನಿನ್ನ ತಪ್ಪು ಹೆಚ್ಚು" ಎಂದರು.

"ಹೌದು" ಎಂದೆ.

"ಹೋಗು, ನಿನ್ನ ಸರದಿಯವರು ಕಾಯ್ತಿರ್ತಾರೆ. ಮುಗಿಯೋವರೆಗೆ ಇಲ್ಲೇ ಕೂತಿರ್ತೀನಿ."

ಐದಕ್ಕೆ ಹೊರಗೆ ಬಂದರೆ ಅವರ ಸುತ್ತ ನಾಲ್ಕೈದು ಜನ. ಹಣೆಗೆ ಬ್ಯಾಂಡೇಜ್ ಕಟ್ಟಿದ ಒಬ್ಬ ಗಂಡಸಿಗೆ, ಒಳಗೆ ಏನಾಗುತ್ತದೆ, ಎಷ್ಟು ಹೊತ್ತು, ಯಂತ್ರ 'ಗರ್' ಎಂದಾಗ ಹೆದರಬಾರದು ಎಂದೆಲ್ಲ ಹೇಳುತ್ತಿದ್ದರು. ಆ ಮನುಷ್ಯ ಚಿಕ್ಕ ಮಗುವಿನಂತೆ ತಲೆಯಾಡಿಸುತ್ತಿದ್ದ.

ಬಸ್ ನಿಲ್ದಾಣದವರೆಗೆ ನಡೆದೇ ಹೋದೆವು. ನಾನೊಬ್ಬಳೇ ಆದರೆ ಆರು ನಿಮಿಷ, ಇವತ್ತು ಇಪ್ಪತ್ತೈದು. ಮೊದಲ ಬಸ್ಸಿನ ಮೆಟ್ಟಿಲು ತುಂಬ ಎತ್ತರ, ಬಿಟ್ಟೆವು. ಎರಡನೆಯದು ತುಂಬಿತ್ತು, ಅದನ್ನೂ ಬಿಟ್ಟೆವು. ಅತ್ತಿಗೆ ಎದುರಿನ ಅಂಗಡಿಯ ಬೋರ್ಡಿನಲ್ಲಿ ಕಾಗುಣಿತ ತಪ್ಪು ಹುಡುಕಿದರು, ಮೂರು ಸಿಕ್ಕವು. ಮೂರನೆಯ ಬಸ್ಸು ರಸ್ತೆಯಂಚಿಗೇ ತಾಗಿ ನಿಂತಿತು. ಅವರು ಬಲಗಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟರು, ಕಂಬಿ ಹಿಡಿದರು, ಏರತೊಡಗಿದರು. ಕಂಡಕ್ಟರ್ "ಬೇಗ, ಬೇಗ" ಎಂದ.

"ಬರ್ತಾರೆ, ಸ್ವಲ್ಪ ತಡೀರಿ" ಎಂದೆ. ಅವರು ಪೂರ್ತಿ ಏರುವವರೆಗೆ ನಾನು ಕೆಳಗೇ ನಿಂತಿದ್ದೆ.